ಗೊಳಸಂಗಿಯಲ್ಲಿ ಯಾರೂ ಮೊದಲು ಉಣ್ಣಲಿಲ್ಲ

ತರಲೋಚನ ಸಿಂಗ್ ಕೊಪ್ಪರಿಗೆಯ ಮುಚ್ಚಳ ತೆಗೆದರು. ಬೇಳೆಯ ಹಬೆ ಎದ್ದು ಕನ್ನಡಕ ಮಸುಕಾಯಿತು. ಒರೆಸಿಕೊಂಡು ನೋಡಿದರೆ ಗೊಳಸಂಗಿಯ ಶಾಲೆಯ ಅಂಗಳದಲ್ಲಿ ಉದ್ದಕ್ಕೆ ಹಾಸಿದ ಜಮಖಾನ ಖಾಲಿ. ಎರಡೂ ಬದಿಗೆ ಊರ ಜನ ನಿಂತಿದ್ದರು, ಎಲ್ಲರ ಕೈಯಲ್ಲೂ ರೊಟ್ಟಿಯ ಗಂಟು.

“ಕುಂದರ್ರಿ,” ಎಂದರು ಸಿಂಗ್.

“ನೀವು ಕುಂದರ್ರಿ,” ಎಂದಿತು ಊರು.

ಬೀದರಿನಲ್ಲಿ ಹುಟ್ಟಿ, ಸಿಂದಗಿಯಲ್ಲಿ ಕಟಾವು ಯಂತ್ರಗಳ ರಿಪೇರಿ ಅಂಗಡಿ ಇಟ್ಟಿರುವ ಸಿಂಗರಿಗೆ ಈ ಮಾತು ಹೊಸದಲ್ಲ. ಭಾನುವಾರಕ್ಕೊಂದು ಹಳ್ಳಿಯಲ್ಲಿ ಲಂಗರ್ ನಡೆಸಬೇಕೆಂಬುದು ಅವರ ಆಸೆ. ಗುರುದ್ವಾರದಲ್ಲಿ ಆಗುವಂತೆ ಬಂದವರೆಲ್ಲ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂತು ಉಣ್ಣಬೇಕು, ಬಡಿಸಿದವರು ಕೊನೆಗೆ ಉಣ್ಣಬೇಕು. ಆದರೆ ಹೋದಲ್ಲೆಲ್ಲ ಊರವರದು ಒಂದೇ ಹಟ, ಅತಿಥಿ ಮೊದಲು ಉಣ್ಣಬೇಕು. ಕನ್ನೊಳ್ಳಿಯಿಂದ ಕೊಪ್ಪರಿಗೆ, ಊರವರು ತುಂಬಿದ ಅಡುಗೆಯೂ ಸೇರಿ, ಹೋದದ್ದಕ್ಕಿಂತ ಭಾರವಾಗಿ ಮರಳಿತು. ಮುದ್ದೇಬಿಹಾಳದ ಕಡೆಯಿಂದ ಒಂದು ಬುಟ್ಟಿ ಶೇಂಗಾ ಹೋಳಿಗೆಯೂ ಜೊತೆಗೆ ಬಂತು. ಬೇಳೆ ಕಳಿಸುವ ಬೀದರಿನ ಗುರುದ್ವಾರದ ಹಿರಿಯರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು: ಲಂಗರಿನ ಅನ್ನ ಚೆಲ್ಲುವಂತಿಲ್ಲ, ಇವತ್ತೂ ತುಂಬಿದ ಕೊಪ್ಪರಿಗೆ ಹೊತ್ತು ತಂದರೆ ಹಳ್ಳಿ ತಿರುಗುವುದು ಸಾಕು.

ಮುಂದೆ ನಿಂತಿದ್ದ ಅಜ್ಜಿ ಸಿದ್ದವ್ವ ಬಾಯಿ ತೆಗೆದಳು. “ಸರದಾರ್ರ, ಬಂದ ಪಾವಣ್ಯಾರು ನಿಂತಿರೂದು, ಊರವರು ಕುಂತು ಉಣ್ಣೂದು? ಬಾಜೂ ಊರಾಗ ಗೊತ್ತಾದ್ರ ನಮ್ಮ ಮಾರಿ ಎಲ್ಲಿಡೂಣು?”

“ಯವ್ವಾ, ಅಡಗಿ ನಂದೈತಿ. ನೀವ ನನ್ನ ಪಾವಣ್ಯಾರು.”

“ಅಡಗಿ ನಿಮ್ದು. ಊರು ನಮ್ದು.”

ಕೊಪ್ಪರಿಗೆ ಹೇರಿದ ಟಂಟಂ ಆಟೊ ಓಡಿಸಿಕೊಂಡು ಬಂದಿದ್ದ ಇಬ್ರಾಹಿಂಸಾಬ ಹಸಿದಿದ್ದ. “ಎಲ್ಲಾರೂ ಪಾವಣ್ಯಾರಾದ್ರ ಉಣ್ಣಾವ್ರು ಯಾರ್ರಿ? ನಾ ಕುಂದರ್ಲೇನು?”

“ನಿಂದ್ಯಾವೂರೋ?” ಎಂದಳು ಸಿದ್ದವ್ವ.

“ಇಂಡಿ.”

“ಹಂಗಾದ್ರ ನೀನೂ ಪಾವಣ್ಯಾ. ಕುಂದ್ರು, ಕುಂದ್ರು!”

“ಅಂವ ನನ್ನ ಜೋಡಿ ಬಡಸಾಕ ಬಂದಾನ್ರಿ, ಕೊನೀಗೆ ಉಣ್ತಾನ,” ಎಂದರು ಸಿಂಗ್. ಇಬ್ರಾಹಿಂಸಾಬ ಎತ್ತಿಕೊಂಡಿದ್ದ ತಟ್ಟೆಯನ್ನು ಇದ್ದಲ್ಲೇ ಇಟ್ಟ.

ಶಾಲೆಯ ಮಾಸ್ತರ ಸಂಜೀವಕುಮಾರ ಒಂದು ದಾರಿ ಹುಡುಕಿದರು. “ಊರ ಸೀಮಿಗೆ ಹೋಗೂಣ್ರಿ. ಸೀಮಿ ಕಲ್ಲಿನ ಹಂತ್ಯಾಕ ಯಾರೂ ಯಾರಿಗೂ ಪಾವಣ್ಯಾ ಅಲ್ಲ.”

ಜಮಖಾನ ಸುತ್ತಿದರು. ಕೊಪ್ಪರಿಗೆ ಟಂಟಂ ಏರಿತು. ಹಿಂದೆ ಊರು ನಡೆಯಿತು. ಸೀಮೆಯ ಕಲ್ಲಿನ ಹತ್ತಿರ ಮತ್ತೆ ಹಾಸುವಷ್ಟರಲ್ಲಿ ಪಕ್ಕದ ಊರಿನವರು ಹೊಲಗಳಿಂದ ಓಡಿ ಬಂದರು. ಏನು ಎತ್ತ ಎಂದು ಕೇಳಿ ತಿಳಿದು, ಅವರೂ ಕೈಕಟ್ಟಿ ನಿಂತರು.

“ನಮ್ಮ ಸೀಮಿಗೆ ಬಂದೀರಿ. ಮೊದಲ ನೀವು ಕುಂದರ್ರಿ,” ಎಂದು ಅವರು ರೊಟ್ಟಿ ತರಲು ಮನೆಗೆ ಜನ ಅಟ್ಟಿದರು. ಮಾಸ್ತರು ಯಾರ ಕಣ್ಣಿಗೂ ಬೀಳದಂತೆ ಹಿಂದೆ ಸರಿದರು.

ಸಿಂಗ್ ಪೇಟದ ಅಂಚಿನ ಬೆವರು ಒರೆಸಿಕೊಂಡರು. ಹೊತ್ತು ಇಳಿಯುತ್ತಿತ್ತು, ಬೇಳೆ ಆರುತ್ತಿತ್ತು. ಹಿರಿಯರಿಗೆ ಏನು ಹೇಳುವುದೆಂದು ಅವರು ಯೋಚಿಸುತ್ತಿರುವಾಗ ಸಿದ್ದವ್ವ ಕೇಳಿದಳು, “ಇದನ್ನ ಎಲ್ಲಿ ಬೇಯಿಸಿದ್ರಿ?”

“ಸಿಂದಗ್ಯಾಗ.”

“ಅಲ್ಲೇ ತಪ್ಪಿದ್ದು ನೋಡ್ರಿ. ಇಲ್ಲಿ ಒಲಿ ಇಲ್ಲದವರು ನಮ್ಮನ್ನ ಊಟಕ್ಕ ಹೆಂಗ ಕರೀತೀರಿ?”

ಆಕೆ ಹೊಲದ ಒಡ್ಡಿನಿಂದ ಮೂರು ಕಲ್ಲು ತರಿಸಿ ಒಲೆ ಹೂಡಿಸಿದಳು. ತೊಗರಿ ಕಟ್ಟಿಗೆಗೆ ಸಿಂಗ್ ಅವರೇ ಬೆಂಕಿ ಹಚ್ಚಬೇಕೆಂದಳು. ಬೆಂದ ಬೇಳೆ ಮತ್ತೊಮ್ಮೆ ಕುದಿಯುವವರೆಗೆ ಎರಡೂ ಊರು ಗಂಭೀರವಾಗಿ ಕಾದವು. ಕುದಿ ಬಂದಾಗ ಸಿದ್ದವ್ವ ಎಲ್ಲರಿಗಿಂತ ಮೊದಲು ಕೂತಳು.

“ಈಗ ನಿಮ್ಮ ಮನಿಗೆ ಬಂದೀವಿ. ಬಡಸ್ರಿ.”

ಸೀಮೆಯ ಆಚೆಯವರೂ ಈಚೆಯವರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಕೊನೆಗೆ ಬಡಿಸಿದವರ ಪಾಲಿಗೆ ತಳದ ಬೇಳೆ ಉಳಿಯಿತು. ಸಿಂಗ್ ಮತ್ತು ಇಬ್ರಾಹಿಂಸಾಬ ಅದನ್ನು ಊರಿನ ರೊಟ್ಟಿಯಿಂದ ಬಳಿದು ತಿಂದರು. ಖಾಲಿ ಕೊಪ್ಪರಿಗೆಯ ಫೋಟೊ ಬೀದರಿಗೆ ಹೋಯಿತು. ಆಗಲಿ, ಮುಂದುವರಿಸು ಎಂದರು ಹಿರಿಯರು.

ಬರುವ ಭಾನುವಾರದ ಲಂಗರ್ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ. ತರಲೋಚನ ಸಿಂಗ್ ಈ ಸಲ ಹಸಿ ಬೇಳೆ ಒಯ್ದು ಅಲ್ಲಿಯೇ ಬೇಯಿಸುತ್ತಾರೆ.