ಮೈಮೇಲೆ ಉಳಿಸಿಕೊಂಡ ಉಪ್ಪು

ಕಳೆದ ಡಿಸೆಂಬರ್ ತಿಂಗಳ ಎರಡನೆಯ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಮೂಡಲಗಿಯಲ್ಲಿರುವ ನನ್ನ ಕಾಕಾ ಆಂಬೋಲಿ ಘಾಟಿನ ಕೆಳಗಿನ ಕೊಂಕಣ ದಂಡೆಯಲ್ಲಿ ಸಮುದ್ರಕ್ಕೆ ಇಳಿದರು. ಸುಮಾರು ಒಂದು ಗಂಟೆ ಈಜಿದರು. ನಾನು ದಂಡೆಯ ಮೇಲೆ ಅವರ ಬಟ್ಟೆ ಹಿಡಿದು ಕೂತಿದ್ದೆ.

ಕಾಕಾ ಬಾವಿಯಲ್ಲಿ ಈಜು ಕಲಿತವರು. ವಯಸ್ಸು ಐವತ್ತೆಂಟು, ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಅದು ಕಬ್ಬು ಕಡಿಯುವ ಕಾಲ. ಕಬ್ಬಿನ ಒಣ ಎಲೆಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಅದು ಗೀರಿ ಗೀರಿ ಅವರ ಎರಡೂ ಕಾಲುಗಳಲ್ಲಿ ಮೊಣಕಾಲಿನಿಂದ ಕೆಳಗೆ ಸಣ್ಣ ಸಣ್ಣ ಗಾಯಗಳಾಗಿದ್ದವು. ತುರಿಕೆ ತಡೆಯಲಾಗುತ್ತಿರಲಿಲ್ಲ. ಅಷ್ಟು ದೂರ ಹೋದದ್ದೇ ಆ ತುರಿಕೆಯ ಸಲುವಾಗಿ.

ಇದು ನಮ್ಮ ಮನೆತನದ ಔಷಧಿ. ನನ್ನ ಅಜ್ಜನಿಗೆ ಹೀಗೇ ತುರಿಕೆ ಹತ್ತಿದಾಗ ಅವರು ಸಮುದ್ರದಲ್ಲಿ ಮಿಂದು, ಮರುದಿನ ಸೂರ್ಯ ಹುಟ್ಟುವವರೆಗೆ ಮೈಗೆ ಸಿಹಿನೀರು ಸೋಕಿಸಿರಲಿಲ್ಲವಂತೆ. ತುರಿಕೆ ಹೋಯಿತಂತೆ. ಅಂದಿನಿಂದ ಅದು ನಿಯಮವಾಯಿತು: ಉಪ್ಪು ಮೈಮೇಲೆಯೇ ಒಂದು ರಾತ್ರಿ ಕಳೆಯಬೇಕು.

ವಾಪಸು ಬರುವಾಗ ಸಂಜೆ ಹುಕ್ಕೇರಿಯಲ್ಲಿ ಅತ್ತಿಯ ಮನೆಯಲ್ಲಿ ಇಳಿದೆವು. ಅತ್ತಿ ಎಂದರೆ ಕಾಕಾನ ಅಕ್ಕ. ನಾವು ಬರುವ ಸುದ್ದಿ ತಿಳಿದು ಹಂಡೆಯಲ್ಲಿ ನೀರು ಕಾಯಿಸಿಟ್ಟಿದ್ದಳು.

"ಮೊದಲ ಜಳಕಾ ಮಾಡು ತಮ್ಮಾ. ಉಪ್ಪಿನಕಾಯಿ ಆಗಿ ಬಂದೀಯಲ್ಲ."

"ಉಪ್ಪಿನಕಾಯಿ ಕೆಡತೈತೇನಕ್ಕಾ? ವರ್ಷಗಟ್ಟಲೆ ಇರತೈತಿ."

"ಹಂಗಾರ ನನ್ನ ಗಾದಿ ಮ್ಯಾಲ ಕುಂದ್ರಬ್ಯಾಡ ಮತ್ತ."

"ನಿಂತ ಚಾ ಕುಡಿತೇನಿ, ಕೊಡು. ಅಪ್ಪ ಏನ್ ಮಾಡಿದ್ದಾ ಮರತಿ ಏನು?"

ಅತ್ತಿ ಮರೆತಿರಲಿಲ್ಲ. ಚಹಾ ಕೊಟ್ಟಳು. ಕಾಕಾ ನಿಂತೇ ಕುಡಿದರು. ಅವರ ಮುಂಗೈ ಮೇಲೆ ಉಪ್ಪು ಬಿಳಿಯಾಗಿ ಒಣಗಿತ್ತು. ಹಂಡೆಯ ನೀರು ಹಾಗೇ ಉಳಿಯಿತು.

ಸೋಮವಾರ ಬೆಳಿಗ್ಗೆ ಎಡಗಾಲು ಕೆಂಪಾಗಿ ಊದಿತ್ತು. ಮೂಡಲಗಿಯ ವೈದ್ಯರೊಬ್ಬರು ಸೂಜಿಮದ್ದು ಕೊಟ್ಟರು. ಮಂಗಳವಾರದ ಹೊತ್ತಿಗೆ ಮೀನಖಂಡದ ಮೇಲೆ ಕಪ್ಪು ಗುಳ್ಳೆಗಳು ಎದ್ದವು, ಚಳಿಜ್ವರ ಬಂತು. ಗೋಕಾಕದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು.

"ಕಾಲಿಗೆ ಏನ್ ಚುಚ್ಚೇತ್ರಿ?" ವೈದ್ಯರು ಕೇಳಿದರು.

"ಏನೂ ಚುಚ್ಚಿಲ್ರಿ. ರವದಿ ಗೀರೇತಿ," ಎಂದಳು ಕಾಕು, ಕಾಕಾನ ಹೆಂಡತಿ. "ಸುಗ್ಗ್ಯಾಗ ಎಲ್ಲಾರಿಗೂ ಗೀರತೈತಿ."

ನಾನು ಹೌದೆಂದೆ. ವೈದ್ಯರು 'ಹೊಲದಲ್ಲಿ ಗಾಯ' ಎಂದು ಬರೆದುಕೊಂಡರು. ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಸಮುದ್ರದ ಮಾತನ್ನು ನಾನಾಗಲಿ ಕಾಕುವಾಗಲಿ ಎತ್ತಲಿಲ್ಲ. ಮುಚ್ಚಿಡಬೇಕೆಂದಲ್ಲ. ನಮ್ಮ ಲೆಕ್ಕದಲ್ಲಿ ಸಮುದ್ರ ಔಷಧಿಯಾಗಿತ್ತು. ರೋಗಕ್ಕೆ ಕಾರಣ ಕೇಳಿದವರಿಗೆ ಔಷಧಿಯ ಹೆಸರು ಹೇಳಬೇಕೆಂದು ಹೊಳೆಯಲಿಲ್ಲ. ಬೇರೆಯವರನ್ನು ಪ್ರಶ್ನೆ ಕೇಳುವುದೇ ನನ್ನ ಪತ್ರಿಕೆ ಕೆಲಸ, ಆದರೂ ಹೊಳೆಯಲಿಲ್ಲ.

ಮಧ್ಯಾಹ್ನ ಅತ್ತಿ ಹುಕ್ಕೇರಿಯಿಂದ ಬಸ್ಸಿನಲ್ಲಿ ಬಂದಳು. ಹಾಸಿಗೆಯ ಬಳಿ ನಿಂತು ಬೈಯತೊಡಗಿದಳು.

"ಹಂಡೇದಷ್ಟು ನೀರ ಕಾಸಿಟ್ಟಿದ್ದೆನ್ರಿ ಡಾಕ್ಟರೇ. ಉಪ್ಪು ಹೋಗತೈತಿ ಅಂತ ಒಂದ ತಂಬಿಗಿ ಸೈತ ಹಾಕ್ಕೊಳ್ಳಿಲ್ಲ ಇಂವಾ."

ವೈದ್ಯರು ಬರೆಯುವುದನ್ನು ನಿಲ್ಲಿಸಿದರು. "ಯಾವ ಉಪ್ಪು?"

ಐದು ನಿಮಿಷದಲ್ಲಿ ಔಷಧಿ ಬದಲಾಯಿತು. ಒಂದು ತಾಸಿನೊಳಗೆ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೊರಟೆವು.

ಅಲ್ಲಿಯ ವೈದ್ಯೆ ಆಮೇಲೆ ನನಗೆ ವಿವರಿಸಿದ್ದು ಇಷ್ಟು. ಮನುಷ್ಯನ ಚರ್ಮದ ಮೇಲೆ ಅದರದೇ ಬ್ಯಾಕ್ಟೀರಿಯಾಗಳು ವಾಸವಾಗಿರುತ್ತವೆ; ಹೊರಗಿನವು ನೆಲೆಯೂರದಂತೆ ಅವು ಜಾಗ ಹಿಡಿದಿರುತ್ತವೆ. ಸಮುದ್ರದಲ್ಲಿ ಈಜಿದಾಗ ಅವುಗಳಲ್ಲಿ ಅನೇಕವು ತೊಳೆದುಹೋಗುತ್ತವೆ, ಸಮುದ್ರದವು ಬಂದು ಕೂರುತ್ತವೆ. ಮೈ ಒಣಗಿದರೂ ಗಂಟೆಗಟ್ಟಲೆ, ಕೆಲವು ಸಲ ಒಂದು ದಿನದವರೆಗೂ ಇರುತ್ತವೆ. ಗಾಯವಿಲ್ಲದ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಾಕಾನ ಗೀರುಗಳು ಬಾಯಿ ತೆರೆದಿದ್ದವು, ರಕ್ತದಲ್ಲಿ ಸಕ್ಕರೆ ಏರಿತ್ತು. ಕಾಲಿನ ಕೀವಿನಲ್ಲಿ ಸಿಕ್ಕಿದ್ದು ಉಪ್ಪುನೀರಿನಲ್ಲಿ ಬದುಕುವ ಜಾತಿ.

ಹುಕ್ಕೇರಿಯಲ್ಲಿ ಸ್ನಾನ ಮಾಡಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಕೇಳಿದೆ. ಹೇಳಲಾಗದು ಎಂದರು. ಮಂಗಳವಾರ ಬೆಳಿಗ್ಗೆಯೇ ಸಮುದ್ರದ ಮಾತು ಹೇಳಿದ್ದರೆ? ಅವರು ಕಡತ ಮುಚ್ಚಿ ಮುಂದಿನ ಹಾಸಿಗೆಯ ಕಡೆ ಹೋದರು.

ಬುಧವಾರ ಶಸ್ತ್ರಚಿಕಿತ್ಸೆಗೆ ಒಯ್ಯುವ ಮೊದಲು ಕಾಕಾ ಆ ವೈದ್ಯೆಯನ್ನು ಕೇಳಿದರು: "ಎರಡೂ ಕಾಲ ಗೀರಿದ್ವಲ್ರಿ ಬಾಯಾರ. ಇದೊಂದ ಯಾಕ?"

"ಅದು ನನಗೂ ಗೊತ್ತಿಲ್ಲ ಕಾಕಾ."

"ಹಂಗಾರ ಇನ್ನೊಂದಕ್ಕ ಹೇಳಿ ಇಡ್ರಿ, ಇದರ ಮಾತ ಕೇಳಬ್ಯಾಡ ಅಂತ."

ನಕ್ಕವರು ಕಾಕಾ ಒಬ್ಬರೇ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಕಾಕಾ ಈಗ ಮೂಡಲಗಿಯ ಮನೆಯಲ್ಲಿದ್ದಾರೆ. ಕಳೆದ ಗುರುವಾರ ಗೋಕಾಕಕ್ಕೆ ಹೋಗಿ ಕೃತಕ ಕಾಲಿಗೆ ಅಳತೆ ಕೊಟ್ಟು ಬಂದರು. ಬಲಗಾಲಿನ ಗೀರುಗಳು ಮಾಗಿವೆ. ತುರಿಕೆ ಹೋಗಿಲ್ಲ.