ಹಿಟ್ಟಿನ ಮೇಲಿನ ರೋಮ್

ಹಂಚಿನ ಮೇಲೆ ಜೋಳದ ರೊಟ್ಟಿಯ ಅಂಚು ಸೀದ ವಾಸನೆ ಬಂದರೆ ನನಗೆ ನೆನಪಾಗುವುದು ರೋಮ್ ಪಟ್ಟಣ. ನಗಬೇಡಿ. ನಾನು ಆ ಊರು ಕಂಡವಳಲ್ಲ, ಅಫಜಲಪುರದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಸಂಸಾರ ಮಾಡಿದವಳು. ಆದರೆ ಅಲ್ಲಿಯ ಓಣಿಗಳನ್ನು ನಾನು ರೊಟ್ಟಿಯ ಹಿಟ್ಟಿನಲ್ಲಿ ಕಲಿತಿದ್ದೆ. ಕಲಿಸಿದವರು ನಮ್ಮ ಪಕ್ಕದ ವಾಡೆಯ ಸೊಸೆ, ನಾವೆಲ್ಲ ಅತ್ತಿಗೆ ಎಂಬಂತೆ ವೈನಿ ಅನ್ನುತ್ತಿದ್ದವರು.

ಎಂಬತ್ತರ ದಶಕದ ಆರಂಭ ಇರಬೇಕು, ನಾನು ಏಳನೇ ಇಯತ್ತೆ. ವೈನಿ ಹೈದರಾಬಾದಿನ ಡಾಕ್ಟರರ ಮಗಳು. ಮದುವೆಗೆ ಮುಂಚೆ ಒಂದು ವರ್ಷ ಲಂಡನ್ನಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದಿದ್ದರು. ಅಲ್ಲಿಂದ ವಸಂತದ ರಜೆಯಲ್ಲಿ ಗೆಳತಿಯರೊಡನೆ ಆರು ದಿನ ರೋಮ್ ನೋಡಿ ಬಂದಿದ್ದರು. ಆಮೇಲೆ ನಮ್ಮೂರ ಗೌಡರ ವಾಡೆಗೆ ಸೊಸೆಯಾಗಿ ಬಂದರು... ಬಂದವರು ಅಲ್ಲೇ ಉಳಿದರು. ಆ ಮನೆಯ ಹೆಣ್ಣುಮಕ್ಕಳು ತಲಬಾಗಿಲು ದಾಟಲು ಜೊತೆಗೊಬ್ಬ ಗಂಡಸು ಬೇಕು, ಕಾರಣ ಬೇಕು, ಅತ್ತೆಯ ಒಪ್ಪಿಗೆ ಬೇಕು. ಬಾವಿಯೂ ಒಳಗೇ ಇತ್ತು, ಬಳೆಗಾರನೂ ಒಳಗೇ ಬರುತ್ತಿದ್ದ.

ನಾನು ಇಂಗ್ಲಿಷ್ ಹೇಳಿಸಿಕೊಳ್ಳಲು ಹೋಗುತ್ತಿದ್ದೆ. ಪಾಠವೆಲ್ಲ ಅಡುಗೆಮನೆಯಲ್ಲಿ. ಪರಾತದಲ್ಲಿ ಒಣಹಿಟ್ಟು ಹರಡಿ, ರೊಟ್ಟಿ ಬಡಿಯುವ ಮೊದಲು ಬೆರಳಿನಿಂದ ಗೆರೆ ಎಳೆಯುವರು. "ಇದು ಸ್ಟೇಷನ್. ಬಲಕ್ಕ ಹೊಳ್ಳಿದ್ರ ಕಾರಂಜಿ. ಇದು ಹೊಳಿ, ಹೊಳಿ ಮ್ಯಾಲ ಪೂಲು." ಸೇತುವೆಗೆ ನಮ್ಮ ಕಡೆ ಪೂಲು ಅನ್ನುತ್ತೇವೆ.

ಒಳಗಿನಿಂದ ಅವರ ಅತ್ತೆಯ ದನಿ ಬರುತ್ತಿತ್ತು. ಅವರನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು. "ಪಾಠ ಹೇಳಾಕತ್ತೀದಿ ಏನ, ರೊಟ್ಟಿ ಬಡ್ಯಾಕತ್ತೀದಿ?"

"ಎರಡೂ ರೀ ಅತ್ತಿ," ಎನ್ನುತ್ತ ವೈನಿ ಹಿಟ್ಟಿನ ಮುದ್ದೆಯನ್ನು ಅದರ ಮೇಲಿಟ್ಟು ಪಟಪಟ ಬಡಿಯುವರು. ರೋಮ್ ರೊಟ್ಟಿಯ ಕೆಳಗೆ ಹೋಗುತ್ತಿತ್ತು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಆ ಪ್ರವಾಸದ ಮೂರನೆಯ ದಿನ ಅವರು ಕಾರಂಜಿಯ ಹತ್ತಿರ ಗೆಳತಿಯರಿಂದ ತಪ್ಪಿಹೋದರಂತೆ. ಹತ್ತು ನಿಮಿಷ ಹೆದರಿಕೆ ಆಯಿತಂತೆ. ಆಮೇಲೆ ಒಂದು ಚರ್ಚಿನ ಮೆಟ್ಟಿಲ ಮೇಲೆ ಕುಳಿತು ಅಂಗಡಿಯ ರೊಟ್ಟಿ ತಿಂದು, ಹೊಳೆಯ ದಂಡೆ ಹಿಡಿದು, ಪೂಲು ದಾಟಿ, ಸಂಜೆತನಕ ಒಬ್ಬರೇ ನಡೆದರಂತೆ. "ಏಳು ತಾಸು ನಾ ಎಲ್ಲಿದ್ದೇನಿ ಅಂತ ಈ ಭೂಮಿ ಮ್ಯಾಲ ಒಬ್ರಿಗೂ ಗೊತ್ತಿದ್ದಿಲ್ಲ ನೋಡು," ಅನ್ನುವಾಗ ಅವರ ಮುಖ ನೀವು ನೋಡಬೇಕಿತ್ತು.

ಆ ವರ್ಷ ನಮ್ಮ ಶಾಲೆಯಿಂದ ಬಿಜಾಪುರಕ್ಕೆ ಪ್ರವಾಸ ಹೊರಟಿತು. ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಒಬ್ಬರೂ ಇರಲಿಲ್ಲ. ಹೆಂಗಸು ಜೊತೆಗಿಲ್ಲದೆ ಹುಡುಗಿಯರನ್ನು ಕಳಿಸುವ ಮಾತೇ ಇಲ್ಲ. ಹೆಡ್ ಮಾಸ್ತರರು ವಾಡೆಗೆ ಬಂದು ವೈನಿಯನ್ನು ಕಳಿಸಿಕೊಡಿ ಎಂದು ಕೇಳಿದರು. ಆಯಿ ಅದ್ಯಾವ ಗುಂಗಿನಲ್ಲಿದ್ದರೋ, "ಹೋಗಿ ಬರ್ಲಿ" ಅಂದುಬಿಟ್ಟರು! ವೈನಿ ಹನ್ನೊಂದು ಹುಡುಗಿಯರಿಗೆ ಸಾಲುವಷ್ಟು ಎಳ್ಳು ಹಚ್ಚಿದ ಕಡಕ್ ರೊಟ್ಟಿ ಸುಟ್ಟು ಅರಿವೆಯಲ್ಲಿ ಕಟ್ಟಿಟ್ಟರು. ಪೂಲು ದಾಟಿದ ಮೇಲೆ ಎತ್ತ ಹೋದಿರಿ ಎಂದು ನಾನು ಕೇಳಿದರೆ, "ಗೋಲಗುಮ್ಮಟದ ಮ್ಯಾಲ ನಿಂತು ಹೇಳ್ತೇನಿ, ತಡಿ" ಅಂದರು.

ಎರಡು ದಿನ ಉಳಿದಿತ್ತು. ಆಯಿ ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತ ನನ್ನನ್ನು ಕರೆದರು. "ಏ ಹುಡುಗಿ, ನಮ್ಮ ಸೊಸಿ ಪರದೇಶದಾಗ ಊಟಕ್ಕೇನ ಮಾಡ್ತಿದ್ಲಂತ?"

ಲಿಂಗಪೂಜೆಯಾಗದೆ ಹನಿ ನೀರು ಕುಡಿಯದ, ಕಂಡವರ ಕೈಯ ಅನ್ನ ಮುಟ್ಟದ ಮನೆ ಅದು. ಸೋದರತ್ತೆ ಸದಾ ಬೆನ್ನಿಗಿದ್ದು ಅಡುಗೆ ಮಾಡಿ ಹಾಕಿದ್ದರೆಂದು ಮದುವೆಯ ಮಾತುಕತೆಯಲ್ಲಿ ವೈನಿಯ ತವರಿನವರು ಹೇಳಿದ್ದರಂತೆ. ನನಗೇನು ಗೊತ್ತು? ವೈನಿಯ ಹೆಚ್ಚುಗಾರಿಕೆ ಹೇಳುವ ಹುಮ್ಮಸ್ಸು ನನಗೆ.

"ವೈನಿ ಭಾಳ ಧೈರ್ಯದವರ್ರಿ ಆಯಿ! ಊರೆಲ್ಲ ಒಬ್ಬರೇ ಅಡ್ಡಾಡ್ಯಾರ. ಮೆಟ್ಲ ಮ್ಯಾಲ ಕುಂತು ಅಂಗಡಿ ರೊಟ್ಟಿ ತಿಂದಾರ!"

ಆಯಿಯ ಕೈ ಮೊರದಲ್ಲೇ ನಿಂತಿತು. "ಒಬ್ಬಾಕಿನ?"

"ಹೌದ್ರಿ, ಸಂಜಿತನಕ!" ಅಂದೆ, ಮೂಳಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬಸ್ಸು ಹುಡುಗರನ್ನಷ್ಟೇ ತುಂಬಿಕೊಂಡು ಬಿಜಾಪುರಕ್ಕೆ ಹೋಯಿತು. ಕಡಕ್ ರೊಟ್ಟಿಗಳನ್ನು ವಾಡೆಯ ಆಳು ಹನ್ನೊಂದು ಮನೆಗೂ ಹಂಚಿ ಹೋದ. ನಮ್ಮ ಪಾಲಿನದನ್ನು ನನಗೆ ತಿನ್ನಲಾಗಲಿಲ್ಲ.

ಪಾಠವೂ ನಿಂತಿತು. ರೊಟ್ಟಿ ಕಟ್ಟಿದ್ದ ಅರಿವೆ ತಿರುಗಿ ಕೊಡುವ ನೆಪದಲ್ಲಿ ಒಮ್ಮೆ ಹೋದೆ. ವೈನಿ ರೊಟ್ಟಿ ಬಡಿಯುತ್ತಿದ್ದರು, ಆಯಿ ಬಾಗಿಲಲ್ಲೇ ಮಣೆ ಹಾಕಿಕೊಂಡು ಕುಳಿತಿದ್ದರು. ನಾನು ಬಿಕ್ಕಿ ಅತ್ತೆ.

"ಅಳಬ್ಯಾಡ ಬೇ. ನೀ ಸುಳ್ಳೇನ ಹೇಳೀದಿ?" ಅಂದರು ವೈನಿ.

ನಾನು ಮೆಲ್ಲಗೆ, "ಪೂಲು ದಾಟಿದ ಮ್ಯಾಲ ಎತ್ಲಾಗ ಹೋದ್ರಿ?" ಎಂದು ಕೇಳಿದೆ.

ಅವರು ಬಾಗಿಲ ಕಡೆ ನೋಡಿದರು. ಹಿಟ್ಟನ್ನು ಅಂಗೈಯಿಂದ ಒರೆಸಿ ಸಪಾಟು ಮಾಡಿದರು. "ಎಲ್ಲೂ ಹೋಗ್ಲಿಲ್ಲ. ಅಲ್ಲಿಂದನ ಹೊಳ್ಳಿ ಬಂದ್ನಿ, ಅಷ್ಟ."

ಕಳೆದ ತಿಂಗಳು ಊರಿನಿಂದ ಫೋನ್ ಬಂತು, ವೈನಿ ಹೋದರಂತೆ. ಇಂದು ಮುಂಜಾನೆ ಪರಾತದಲ್ಲಿ ಹಿಟ್ಟು ಹರಡಿ ಗೆರೆ ಎಳೆದೆ. ಸ್ಟೇಷನ್, ಕಾರಂಜಿ, ಹೊಳೆ, ಪೂಲು... ಅಲ್ಲಿ ಬೆರಳು ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ನಾನು ಏಳಲಿಲ್ಲ. ತಪ್ಪು ನನ್ನದೇ, ವೈನಿ. ಪೂಲಿನಾಚೆ ನೀವು ಎತ್ತ ಹೋದಿರೆಂದು ಈಗ ಈ ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿಲ್ಲ.