ಹೆಜ್ಜೇನಿಗೆ ಹಿಡಿಸದ ಥ್ರ್ಯಾಶ್ ಮೆಟಲ್

ಕೆಡಲು ಶುರುವಾದದ್ದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ನಾಲ್ಕಕ್ಕೆ ಶುರುವಾಗಬೇಕಿದ್ದ ಕಾರ್ಯಕ್ರಮ ಇನ್ನೂ ಶುರುವಾಗಿಲ್ಲವೆಂದು ನಾನು ಗಡಿಯಾರ ನೋಡಿ ಗೊಣಗುತ್ತಿದ್ದೆ, ಅದಕ್ಕೇ ನೆನಪಿದೆ. ಗೊಣಗಿ ಮುಗಿಯುವ ಮೊದಲೇ ವೇದಿಕೆಯ ಮೇಲಿನ ಹೊಗೆ ಯಂತ್ರ ಬುಸ್ಸೆಂದಿತು.

ಇದನ್ನೆಲ್ಲ ಮತ್ತೆ ಕೆದಕಿದ್ದು ಪಕ್ಕದ ಮನೆಯ ಮಿಕ್ಸಿ. ಮೊನ್ನೆ ಬೆಳಿಗ್ಗೆ ಅವರು ಚಟ್ನಿ ರುಬ್ಬಲು ಅದನ್ನು ತಿರುಗಿಸಿದ ಕೂಡಲೇ ನಾನು ಸೆರಗನ್ನು ತಲೆಗೆ ಸುತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಮುದುಡಿ ಕೂತೆ. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಹೇಳುವವಳು, ಒಂದು ಮಿಕ್ಸಿಗೆ ಹೆದರಿ ಈರುಳ್ಳಿ ಬುಟ್ಟಿಯ ಪಕ್ಕ ಕೂತಿದ್ದೆ. ನಗಬೇಕೆನಿಸಿದರೆ ನಕ್ಕುಬಿಡಿ. ಆ ಸದ್ದು ಎಂಥದೆಂದು ಗೊತ್ತಿರುವವರು ನಗುವುದಿಲ್ಲ.

ನೀವು ಥ್ರ್ಯಾಶ್ ಮೆಟಲ್ ಕೇಳಿದವರಲ್ಲದಿದ್ದರೆ ಅದೃಷ್ಟವಂತರು. ಗಿಟಾರಿನ ದಪ್ಪ ತಂತಿಯನ್ನು ಅಂಗೈಯಿಂದ ಅದುಮಿ ಹಿಡಿದು ಗರಗಸದ ಹಾಗೆ ಉಜ್ಜುವುದು, ಎರಡೂ ಕಾಲಿನಲ್ಲಿ ಡ್ರಮ್ಮನ್ನು ಒದೆಯುವುದು, ಲೋಕದ ಮೇಲಿನ ಸಿಟ್ಟನ್ನೆಲ್ಲ ಗಂಟಲು ಹರಿಯುವಂತೆ ಕೂಗುವುದು. ಇಷ್ಟೇ ಅದರ ವಿದ್ಯೆ. ಇಪ್ಪತ್ತರ ಹುಡುಗ ಮಾಡಿದರೆ ಒಪ್ಪಬಹುದು. ನನ್ನ ಗಂಡ ಪೂರ್ಣೇಶ ಇದನ್ನು ಐವತ್ತರ ಹತ್ತಿರವೂ ಮಾಡುತ್ತಾರೆ. ಕಾಲೇಜಿನ ದಿನಗಳಲ್ಲಿ ತೋಟದ ಪಲ್ಪರ್ ಮನೆಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಪಕ್ಕ ಅಭ್ಯಾಸ ಮಾಡುತ್ತಿದ್ದರಂತೆ. ಹಾಗಾಗಿ ತಂಡದ ಹೆಸರೂ ಪಲ್ಪರ್. ಎರಡರಲ್ಲಿ ಯಾವ ಪಲ್ಪರ್ ಹೆಚ್ಚು ಇಂಪು ಎಂದು ಮಾವನವರಿಗೆ ಕೊನೆಯವರೆಗೂ ತೀರ್ಮಾನಿಸಲಾಗಲಿಲ್ಲ.

ಅವರ ಪ್ರಸಿದ್ಧ ಹಾಡು ಕಾಂಡಕೊರಕ ಹುಳದ ಮೇಲಿನದು. ಅರೇಬಿಕಾ ಗಿಡವನ್ನು ಒಳಗಿಂದ ತಿಂದು ಒಣಗಿಸುವ ಆ ಹುಳವನ್ನು ಎಂಟು ನಿಮಿಷ ಇಂಗ್ಲಿಷಿನಲ್ಲಿ ಬೈಯುತ್ತಾರೆ. ಹುಳಕ್ಕೆ ಇಂಗ್ಲಿಷ್ ಬಾರದು. ಮೊದಲೆಲ್ಲ ಐದು ನಿಮಿಷದ ಹಾಡು ಅದು. ಡ್ರಮ್ಮಿನ ಜಯಣ್ಣನ ಮಂಡಿ ಸವೆದಷ್ಟೂ ಉದ್ದವಾಗುತ್ತಿದೆ. ನಡುವೆ ಪೂರ್ಣೇಶ ಹಾಡು ನಿಲ್ಲಿಸಿ ಎಲ್ಲರನ್ನೂ ನೆಲದ ಮೇಲೆ ಕೂರಿಸುತ್ತಾರೆ, ಆಮೇಲೆ ಒಟ್ಟಿಗೇ ಹಾರಿಸುತ್ತಾರೆ. ಪ್ರೈಮರಿ ಶಾಲೆಯ ಡ್ರಿಲ್ ಮಾಸ್ತರಿಕೆ ಎಂದು ನಾನು ಹಂಗಿಸುತ್ತಿದ್ದೆ. ಹೊರದೇಶದ ಹಳೇ ತಂಡಗಳ ಪಾಡೂ ಬೇರೆಯಲ್ಲ. ವಿದಾಯದ ಪ್ರವಾಸ ಎನ್ನುತ್ತಾರೆ, ನಾಲ್ಕು ವರ್ಷ ಬಿಟ್ಟು ಮತ್ತೊಂದು ವಿದಾಯಕ್ಕೆ ಟಿಕೆಟ್ ಮಾರುತ್ತಾರೆ. ಸರ್ಕಾರಿ ನೌಕರನಾದರೆ ಅರವತ್ತಕ್ಕೆ ಹಾರ ಹಾಕಿ ಕಳಿಸುತ್ತಾರೆ. ಇವರಿಗೆ ಹಾರ ಹಾಕುವ ಧೈರ್ಯ ಯಾರಿಗಿದೆ?

ಹೊಸಬರ ತಪ್ಪು ಬೇರೆ ಥರದ್ದು. ಅವರು ತಪ್ಪುವುದೇ ಇಲ್ಲ. ಚಿಕ್ಕಮಗಳೂರಿನ ಇಂಜಿನಿಯರಿಂಗ್ ಹುಡುಗರ ಒಂದು ತಂಡವಿದೆ. ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ಅಂಗಿಯ ಮೇಲಿನ ಅವರ ಲೋಗೋ ಒಣಗಿದ ಲಂಟಾನ ಪೊದೆಯ ಹಾಗಿದೆ, ಅದರಲ್ಲಿ ಅಕ್ಷರ ಹುಡುಕಲು ಕತ್ತಿ ಬೇಕು. ಹಾಡುವವನು ತನ್ಮಯ್. ಅವರಿಗೆ ಆಂಪ್ಲಿಫೈಯರ್ ಇಲ್ಲ, ಲ್ಯಾಪ್‌ಟಾಪ್ ಇದೆ. ಕಿವಿಯೊಳಗೆ ಬಿರಟೆಯಂಥ ಇಯರ್‌ಫೋನ್ ಇಟ್ಟುಕೊಂಡು, ಅದರಲ್ಲಿ ಕೇಳುವ ಟಿಕ್ ಟಿಕ್‌ಗೆ ಸರಿಯಾಗಿ ಬಾರಿಸುತ್ತಾರೆ. ಹಳಬರ ಡೆನಿಮ್ ಅಂಗಿ ತೊಟ್ಟು ತೊಟ್ಟು ಹರಿದದ್ದು, ಇವರು ಹರಿದದ್ದನ್ನೇ ಕೊಂಡು ತರುತ್ತಾರೆ. ಸಿಟ್ಟೂ ಹಾಗೇ, ಅಂಗಡಿಯದು.

ಮೂಡಿಗೆರೆಯಿಂದ ಆಚೆ ಒಂದು ಹೋಂಸ್ಟೇಯ ಕಾಫಿ ಕಣದಲ್ಲಿ, ಮಾರ್ಚ್ ತಿಂಗಳಲ್ಲಿ, ಎರಡೂ ತಂಡಗಳದ್ದು ಕಾರ್ಯಕ್ರಮ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿತ್ತು. ಕಣದ ಅಂಚಿನ ಬಸರಿ ಮರದಲ್ಲಿ ಹೆಜ್ಜೇನು ಕಟ್ಟಿತ್ತು. ಹೂವಿನ ಕಾಲಕ್ಕೆ ಅವು ಬರುವುದೇ. ಪಲ್ಪರ್ ಅದೇ ಕಣದಲ್ಲಿ ಹಿಂದೆ ಎರಡು ಸಲ ಬಾರಿಸಿತ್ತು, ಒಂದು ಹುಳವೂ ಎದ್ದಿರಲಿಲ್ಲ. ಅದು ಸಹನೆಯೋ ತಾತ್ಸಾರವೋ ಹೇಳಲಾರೆ.

ಇಷ್ಟರಲ್ಲಿ ನಿಮಗೊಂದು ವಿಷಯ ಹೇಳಿಬಿಡಬೇಕು. ನನ್ನ ಗಂಡನಿಗೆ ಜೇನು ಕಚ್ಚಬಾರದು. ಹಿಂದೊಮ್ಮೆ ಒಂದೇ ಒಂದು ಹುಳ ಕಚ್ಚಿದ್ದಕ್ಕೆ ಗಂಟಲು ಊದಿ ಉಸಿರು ನಿಲ್ಲುವ ಹಾಗಾಗಿತ್ತು. ಮುಂದಿನ ಸಲ ಆಸ್ಪತ್ರೆ ಮುಟ್ಟುವವರೆಗೂ ಕಾಯುವ ಹಾಗಿಲ್ಲ ಎಂದು ಡಾಕ್ಟರು ಅಡ್ರಿನಲಿನ್ ಇಂಜೆಕ್ಷನ್ ಬರೆದುಕೊಟ್ಟು, ತೊಡೆಗೆ ಚುಚ್ಚುವುದನ್ನು ನನಗೆ ಕಲಿಸಿದ್ದರು. ಅಂದಿನಿಂದ ಅದು ನನ್ನ ಕೈಚೀಲದಲ್ಲೇ ಇರುತ್ತದೆ. ಆವತ್ತು ಮರ ಕಂಡ ಕೂಡಲೇ ಮನೆಗೆ ಹೋಗೋಣ ಎಂದಿದ್ದೆ. "ಅವು ನಮ್ಮ ಹಳೇ ಗಿರಾಕಿಗಳು ಮಾರಾಯ್ತಿ" ಎಂದು ನಕ್ಕರು.

ಮೊದಲು ಹುಡುಗರ ಸರದಿ. ತಂತಿ ಬಿಗಿಯುತ್ತಿದ್ದ ಪೂರ್ಣೇಶರ ಹತ್ತಿರ ಬಂದು ತನ್ಮಯ್, "ಅಂಕಲ್, ನಿಮ್ಮ ಸ್ಪೀಡಿಗೆ ನಮ್ಮಜ್ಜಿ ಅಕ್ಕಿರೊಟ್ಟಿ ತಟ್ತಾರೆ" ಎಂದ.

"ನಿಮ್ಮಜ್ಜಿಗೆ ತಟ್ಟಕ್ಕೆ ಕರೆಂಟ್ ಬ್ಯಾಡ ಅಲ್ಲನಾ" ಎಂದರು ಇವರು, ತಲೆ ಎತ್ತದೆ.

ಆಮೇಲೆ ಆ ಹೊಗೆ. ಗಾಳಿ ಅದನ್ನು ನೆಟ್ಟಗೆ ಬಸರಿ ಮರಕ್ಕೆ ಒಯ್ದಿತು. ಒಂದು ಕೊಂಬೆ ಕರಗಿ ಕೆಳಗೆ ಸುರಿದಂತೆ ಕಂಡಿತು ನನಗೆ. ಹೆಜ್ಜೇನು ಎದ್ದರೆ ಏನು ಮಾಡಬಾರದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು: ಓಡಬಾರದು, ಕೈ ಬೀಸಬಾರದು, ತಲೆ ಕೊಡವಬಾರದು, ಕಪ್ಪು ಬಟ್ಟೆ, ಬಿಚ್ಚಿದ ಕೂದಲು ಕಂಡರಂತೂ ಅವುಗಳಿಗೆ ಆಗದು. ಥ್ರ್ಯಾಶ್ ಕೇಳಲು ಬರುವವರ ಸಮವಸ್ತ್ರ ಕಪ್ಪು ಅಂಗಿ ಮತ್ತು ಉದ್ದ ಕೂದಲು. ಹಾಡು ಏರಿದ ಹಾಗೆ ಅವರು ಮಾಡುವುದು ತಲೆ ಕೊಡವುವುದು, ಕೈ ಬೀಸುವುದು, ಸುತ್ತಲೂ ಓಡುವುದು. ಹುಳಗಳು ಮೊದಲ ಸಾಲಿಗೆ ಇಳಿದಾಗ ಜನ ಕಿರುಚಿ ಕುಣಿದರು; ವೇದಿಕೆಯ ಮೇಲಿದ್ದ ತನ್ಮಯ್‌ಗೆ ಅದು ತನ್ನ ಜೀವನದ ದೊಡ್ಡ ಯಶಸ್ಸಿನಂತೆ ಕಂಡಿತು. ಕಿವಿಯಲ್ಲಿ ಬಿರಟೆ. ಇನ್ನೂ ಜೋರಾಗಿ ಓಡಿ ಎಂದು ಕೈ ತಿರುಗಿಸಿ ತೋರಿಸಿದ. ಒಂದು ಕ್ಷಣ ನಾನೂ ಕುಣಿತವೆಂದೇ ನಂಬಿದೆ. ಅಂಥ ಸಂಗೀತ ಅದು, ನೋವಿಗೂ ಸಂತೋಷಕ್ಕೂ ಅಲ್ಲಿ ಒಂದೇ ಅಭಿನಯ.

ಪೂರ್ಣೇಶರಿಗೆ ಜೀಪು ಹತ್ತು ಹೆಜ್ಜೆ ದೂರವಿತ್ತು. ಒಳಗೆ ಕೂತು ಗಾಜು ಏರಿಸಿದ್ದರೆ ಸಾಕಿತ್ತು. ಅವರು ವೇದಿಕೆ ಹತ್ತಿದರು. ನಾನು ಹೆಸರು ಹಿಡಿದು ಕೂಗಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಅವರು ಹುಡುಗನ ಕೈಯಿಂದ ಮೈಕ್ ಕಿತ್ತುಕೊಂಡು, ಸ್ವಲ್ಪವೂ ಕಿರುಚದೆ, ಆ ಡ್ರಿಲ್ ಮಾಸ್ತರರ ದನಿಯಲ್ಲಿ ಹೇಳಿದರು: "ಕೂತ್ಕಳಿ. ಎಲ್ಲರೂ ಕೂತ್ಕಳಿ. ಕೈ ಆಡಿಸ್ಬ್ಯಾಡಿ. ಟಾರ್ಪಾಲ್ ಎಳಕೊಂಡು ಮಲಕ್ಕಳಿ."

ಕೂತರು. ಎಷ್ಟೋ ವರ್ಷಗಳಿಂದ ಆ ದನಿಗೆ ಕೂತು ಅಭ್ಯಾಸವಾದವರು ಮೊದಲು ಕೂತರು, ಅವರನ್ನು ನೋಡಿ ಉಳಿದವರು. ಕಾಫಿ ಒಣಗಿಸಲು ಹಾಸುವ ಟಾರ್ಪಾಲುಗಳು ಕಣದ ಅಂಚಿನಲ್ಲಿದ್ದವು. ಅವನ್ನು ಎಳೆದು ಎಳೆದು ಹೊದ್ದುಕೊಂಡರು. ನಾನು ಒಂದನ್ನು ಬೆನ್ನ ಮೇಲೆ ಹೊತ್ತು ತೆವಳಿ ಹೋಗುವಷ್ಟರಲ್ಲಿ ಪೂರ್ಣೇಶ ವೇದಿಕೆಯಿಂದ ಇಳಿದು ಮಂಡಿಯೂರಿದ್ದರು. ಕುತ್ತಿಗೆಯಲ್ಲಿ ಎರಡು ಮುಳ್ಳು. ತುಟಿ ಆಗಲೇ ದಪ್ಪವಾಗಿತ್ತು.

ಟಾರ್ಪಾಲಿನೊಳಗೆ ನೀಲಿ ಕತ್ತಲೆ. ಬೇರೆ ಯಾರೋ ನುಗ್ಗಿ ಬಂದು ನನ್ನ ಕಾಲಿಗೆ ಒರಗಿ ಬಿದ್ದರು. ಕೈಚೀಲದಿಂದ ತೆಗೆದ ಆಂಪ್ಯೂಲಿನ ಗಾಜಿನ ಕತ್ತು ಮುರಿಯುವಾಗ ಬೆರಳು ಕೊಯ್ದುಕೊಂಡಿತು. ಸಿರಿಂಜಿಗೆ ಎಳೆದು, ಪ್ಯಾಂಟಿನ ಮೇಲೆಯೇ ತೊಡೆಗೆ ಚುಚ್ಚಿದೆ. ಅವರ ಉಸಿರು ಹಳೇ ಬಾಗಿಲಿನ ಹಾಗೆ ಕಿರುಗುಡುತ್ತಿತ್ತು. ಅದೊಂದೇ ಸದ್ದು ಕೇಳಿಸಿಕೊಳ್ಳಬೇಕಿತ್ತು ನನಗೆ. ಆದರೆ ಹೊರಗೆ ಹಾಡು ನಡೆದೇ ಇತ್ತು.

ಹೌದು. ಬಾರಿಸುವವರೆಲ್ಲ ಓಡಿ ಅಡಗಿದ್ದರು, ಹಾಡು ಮಾತ್ರ ನಿಂತಿರಲಿಲ್ಲ. ಗಿಟಾರು, ಡ್ರಮ್ಮು, ಕೊನೆಗೆ ತನ್ಮಯ್‌ನ ಗಂಟಲು ಸಹ, ಲ್ಯಾಪ್‌ಟಾಪಿನಿಂದ ಒಂದು ತಪ್ಪೂ ಇಲ್ಲದೆ ಬರುತ್ತಿದ್ದವು. ಸಾವೇ ಬಾ, ನಿನಗೆ ಹೆದರೆನು ಎಂಬ ಅರ್ಥದ ಮಾತನ್ನು ಅವನ ದನಿ ಗರ್ಜಿಸುತ್ತಿತ್ತು. ಅದೇ ಹೊತ್ತಿಗೆ ನನ್ನ ಕಾಲ ಬಳಿಯಿಂದ ಅದೇ ದನಿ ಸಣ್ಣಗೆ ಕೇಳಿತು: "ಆಂಟಿ, ಹೋದ್ವಾ ಅವು?"

ಪೂರ್ಣೇಶ ನನ್ನ ಕೈ ಹಿಂಡಿದರು. ಕಿವಿ ಅವರ ಬಾಯಿಯ ಹತ್ತಿರ ಇಟ್ಟೆ. "ಹೊರಗೊಬ್ಬ... ಒಳಗೊಬ್ಬ ತನ್ಮಯ್" ಎಂದರು. ನಗುತ್ತಿದ್ದರೋ ಉಸಿರಿಗೆ ಒದ್ದಾಡುತ್ತಿದ್ದರೋ ಕತ್ತಲಲ್ಲಿ ತಿಳಿಯಲಿಲ್ಲ. ಆಮೇಲೆ ಎಷ್ಟೋ ರಾತ್ರಿ ಅದನ್ನೇ ತಿರುವಿ ತಿರುವಿ ಕೇಳಿಕೊಂಡೆ.

ಜೀಪನ್ನು ಯಾರೋ ಟಾರ್ಪಾಲಿನವರೆಗೂ ಹಿಂದಕ್ಕೆ ತಂದು ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಇನ್ನೊಂದು ಇಂಜೆಕ್ಷನ್, ಆಮ್ಲಜನಕ. ಮೈ ಊದಿದವರು ಬಹಳ ಮಂದಿ. ಜೀವ ಯಾರದೂ ಹೋಗಲಿಲ್ಲ. ಬೆಳಗಾಗುವಾಗ ಪೂರ್ಣೇಶ ಕಾಫಿ ಕೇಳಿದರು, ಕೊಟ್ಟದ್ದು ಚೆನ್ನಾಗಿಲ್ಲ ಎಂದರು.

ಅವರು ಸುಧಾರಿಸಿದರು, ಕೆಟ್ಟದ್ದು ನಾನು. ರಾತ್ರಿಯೆಲ್ಲ ಅವರ ಎದೆ ಏರಿ ಇಳಿಯುವುದನ್ನು ನೋಡುತ್ತ ಕೂರುತ್ತಿದ್ದೆ. ಉಸಿರಿನ ಸದ್ದು ಕೊಂಚ ತಗ್ಗಿದರೆ ಅಲುಗಾಡಿಸಿ ಎಬ್ಬಿಸುತ್ತಿದ್ದೆ. ಇನ್ನೂ ಕೆಟ್ಟದ್ದೆಂದರೆ ನನ್ನ ನಾಲಿಗೆ ಸತ್ತಿತು. ಪಲ್ಪರ್ ಮನೆಯಲ್ಲಿ ಅಭ್ಯಾಸ ನಡೆದರೆ ತಿಂಡಿ ಕೊಟ್ಟು "ಚೆನ್ನಾಗಿತ್ತು" ಎನ್ನುತ್ತಿದ್ದೆ. ತನ್ಮಯ್ ಭಾನುವಾರಗಳಂದು ಬರತೊಡಗಿದ, ಅವನಿಗೂ "ಚೆನ್ನಾಗಿತ್ತು". ಜಯಣ್ಣ ಹೆದರಿ, ಅಮ್ಮಾವ್ರಿಗೆ ಹುಷಾರಿಲ್ಲವಾ ಎಂದು ಗುಟ್ಟಾಗಿ ವಿಚಾರಿಸಿದನಂತೆ.

ನಿನ್ನೆ ಸಂಜೆ ಹಳಬರು ಹೊಸಬರು ಸೇರಿ ಕಟ್ಟಿದ ಹಾಡನ್ನು ನನಗೆ ಕೇಳಿಸಿದರು. ವಿಷಯ ಹೆಜ್ಜೇನು. ಒಂಬತ್ತು ನಿಮಿಷ. ಜಯಣ್ಣನ ಕಾಲು ಒಂದು ಕಡೆ, ತನ್ಮಯ್‌ನ ಟಿಕ್ ಟಿಕ್ ಇನ್ನೊಂದು ಕಡೆ, ನಡುವೆ ಲ್ಯಾಪ್‌ಟಾಪಿನಿಂದ ಜೇನಿನ ಗುಂಯ್‌ಗುಟ್ಟುವಿಕೆ. ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ, ಇಂಥದ್ದಕ್ಕೆಲ್ಲ ಇಷ್ಟು ದಿನ "ಚೆನ್ನಾಗಿತ್ತು" ಎಂದೆನಲ್ಲ ಎಂದು ನಾಚಿಕೆಯಾಯಿತು.

"ಎಂತದು ಇದು" ಎಂದೆ. "ನಿಮ್ಮದು ಹೆಣ ಹೊತ್ತವರ ನಡಿಗೆ, ಇವನದು ಹೊಲಿಗೆ ಮಿಷನ್ನು. ಜೀವ ಹೋಗೋ ಹೊತ್ತಲ್ಲಿ ನಾನು ಕೇಳಿದ್ದು ಇದಲ್ಲ. ಆ ಗುಂಯ್ ತೆಗೀರಿ ಮೊದಲು. ಅದಕ್ಕೆ ಹುಳ ಬರಲ್ಲ, ನೊಣ ಬರ್ತವೆ."

ಪೂರ್ಣೇಶ ಗಿಟಾರನ್ನು ಗೋಡೆಗೆ ಒರಗಿಸಿ, "ಮುಂದೆ ಹೇಳು" ಎಂದರು. ಹೇಳಿದೆ. ಊಟದ ಹೊತ್ತಿನವರೆಗೂ ಹೇಳಿದೆ, ಊಟದಲ್ಲೂ ಹೇಳಿದೆ, ದಿಂಬಿಗೆ ತಲೆ ಇಟ್ಟ ಮೇಲೂ ಒಂದೆರಡು ಉಳಿದಿದ್ದವು.

ಇವತ್ತು ಎದ್ದಾಗ ಬಿಸಿಲು ಮಂಚದ ಮೇಲೆ ಬಂದಿತ್ತು. ರಾತ್ರಿ ಗುಡುಗು ಸಿಡಿಲಿನ ಮಳೆ ಬಂದಿತ್ತಂತೆ, ಕರೆಂಟು ಹೋಗಿತ್ತಂತೆ. ಅವರು ಎಷ್ಟು ಹೊತ್ತಿಗೆ ಮಲಗಿದರು, ಹೇಗೆ ಉಸಿರಾಡಿದರು, ನನಗೆ ಗೊತ್ತಿಲ್ಲ.